ಯುರೋಪಿಗೆ ಹೋಗುವ ಕಾಫಿಗೆ ತೋಟದ ಜಿಪಿಎಸ್ ಯಾಕೆ ಬೇಕು? ಕಾಡು ಕಡಿದಿಲ್ಲ ಅಂತ ಬರೆದುಕೊಟ್ಟರೆ ಸಾಲದಾ?

ಸಾಲದು. ಯುರೋಪಿಯನ್ ಒಕ್ಕೂಟದ 2023ರ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನ ಕಾಫಿ, ಕೋಕೋ, ರಬ್ಬರ್ ಮುಂತಾದವನ್ನು ಅಲ್ಲಿ ಮಾರುವಂತಿಲ್ಲ. ಅದನ್ನು ಪರೀಕ್ಷಿಸಲು ಬೆಳೆದ ಜಾಗದ ಜಿಪಿಎಸ್ ಗುರುತು ಬೇಕು. ತೋಟ 4 ಹೆಕ್ಟೇರಿಗಿಂತ ದೊಡ್ಡದಾದರೆ ಪೂರ್ತಿ ಗಡಿ ಗುರುತಿಸಬೇಕು. ಚಿಕ್ಕದಾದರೆ ಒಂದು ಬಿಂದು ಸಾಕು.

ನಿಜವಾದ ತೊಡಕು ಇರುವುದು ದಾರಿಯಲ್ಲಿ. ಕೊಡಗಿನ ಸಣ್ಣ ಬೆಳೆಗಾರರು ಚೆರಿ (ಕಾಫಿ ಹಣ್ಣು) ಒಣಗಿಸಿ ಊರಿನ ವ್ಯಾಪಾರಿಗೆ ಮಾರುತ್ತಾರೆ. ಆ ವ್ಯಾಪಾರಿಗಳು ಹತ್ತಾರು ತೋಟಗಳ ಮೂಟೆ ಸೇರಿಸಿ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುತ್ತಾರೆ. ಅಲ್ಲಿ ಸಿಪ್ಪೆ ತೆಗೆದು ಗ್ರೇಡ್ ಮಾಡಿದ ಮೇಲೆ ಯಾವ ಬೀಜ ಯಾರದ್ದು ಅಂತ ಹೇಳೋಕಾಗಲ್ಲ, ಅಲ್ವಾ? ಮೂಲ ಗೊತ್ತಿಲ್ಲದ ಕಾಫಿ ಸ್ವಲ್ಪ ಬೆರೆತರೂ ಇಡೀ ಲಾಟ್ ಮಾರಾಟಕ್ಕೆ ಬರುವುದಿಲ್ಲ. ಹಾಗಾಗಿ ಮೊದಲ ತೂಕದಲ್ಲೇ ತೋಟದ ವಿವರ ಬರೆದು, ಆ ಮೂಟೆಗಳನ್ನು ಕೊನೆಯವರೆಗೂ ಬೇರೆಯಾಗಿ ಇಡಬೇಕು.

ಇನ್ನು ಕಾಡು ಕಡಿದಿದ್ದಾರಾ ಅಂತ ನೋಡಲು ಬಳಸುವ ಉಪಗ್ರಹ ಚಿತ್ರ. ನಮ್ಮ ಕಾಫಿ ಹಲಸು, ಸಿಲ್ವರ್ ಓಕ್ ನೆರಳಲ್ಲಿ ಬೆಳೆಯುತ್ತದೆ. ಮೇಲಿಂದ ನೋಡಿದರೆ ಥೇಟ್ ಕಾಡು. ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವುದು) ಮಾಡಿದರೆ ಕಾಡು ಕಡಿದ ಹಾಗೆ ಕಾಣಬಹುದು. ಅದಕ್ಕೇ ಹಳೆಯ ಪಹಣಿ, ತೋಟದ ಹಳೆಯ ಫೋಟೊಗಳನ್ನು ಜೋಪಾನ ಮಾಡಿ. ಅನುಮಾನ ಬಂದಾಗ ಕೈಹಿಡಿಯುವುದು ಅವೇ.

ಈ ಕಾನೂನಿನ ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ. 2025ರಲ್ಲಿ ಭಾರತವನ್ನು ಕಾಡು ನಾಶದ ಅಪಾಯ ಕಡಿಮೆ ಇರುವ ದೇಶಗಳ ಪಟ್ಟಿಗೆ ಸೇರಿಸಿದ್ದಾರೆ. ತಪಾಸಣೆ ಕಡಿಮೆಯಾಗುತ್ತದೆ, ಆದರೆ ಜಾಗದ ವಿವರ ಕೊಡಲೇಬೇಕು. ಇದರ ಖರ್ಚನ್ನು ಕೊಳ್ಳುವವರು ಹೊರಬೇಕು, ಎರಡು ಎಕರೆ ತೋಟದವರ ತಲೆಗೆ ಕಟ್ಟಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.