ಎಂಟು ವರ್ಷದ ಮಗನಿಗೆ ಕೋವಿ ಮುಟ್ಟಿಸಬಹುದಾ?

ಪ್ರಶ್ನೆ: ನಾನು ಮೈಸೂರಿನವಳು. ಮದುವೆಯಾಗಿ ಬಂದಿದ್ದು ವಿರಾಜಪೇಟೆ ಹತ್ತಿರದ ಕೊಡವರ ಮನೆಗೆ. ಮನೆಯಲ್ಲಿ ಜೋಡುನಳಿಗೆ ಕೋವಿ ಇದೆ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿದಾಗಿನಿಂದ ಎಂಟು ವರ್ಷದ ಮಗನಿಗೆ ಅದೇ ಗುಂಗು. ಅತ್ತೆ, "ಮುಟ್ಟಲಿ ಬಿಡು, ಪೂಜೆ ಮಾಡೋ ವಸ್ತು" ಅನ್ನುತ್ತಾರೆ. ನಾನು ಅದನ್ನು ಬಚ್ಚಿಟ್ಟಿದ್ದೇನೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನೋಡಮ್ಮಾ, ನಿಮ್ಮ ಭಯ ಸರಿಯಾದದ್ದೇ. ಆದರೆ ಬಚ್ಚಿಟ್ಟರೆ ಹುಡುಗ ಹುಡುಕುತ್ತಾನೆ. ಅಟ್ಟ, ಮಂಚದ ಕೆಳಗೆ, ಬೀರುವಿನ ಹಿಂದೆ, ದೊಡ್ಡವರು ಬಚ್ಚಿಡುವ ಜಾಗ ಮಕ್ಕಳಿಗೆ ಗೊತ್ತಿಲ್ಲದೆ ಇರುತ್ತಾ? ಬೇಕಾಗಿರುವುದು ಬೀಗ. ಕೋವಿ ಖಾಲಿ ಮಾಡಿ ಒಂದು ಬೀಗದೊಳಗೆ, ತೋಟಾ (ಕಾಡತೂಸು) ಇನ್ನೊಂದು ಬೀಗದೊಳಗೆ. ರಾತ್ರಿ ಕಾಡುಹಂದಿ ಬರದಂತೆ ಕಾಯಲು ತೋಟಕ್ಕೆ ಹೋಗಿ ಬಂದವರು ತುಂಬಿದ ಕೋವಿಯನ್ನು ಬಾಗಿಲ ಮೂಲೆಗೆ ಒರಗಿಸಿ ಮಲಗುವುದನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಮಗನಿಗೆ ಪಾಠ ಹೇಳುವ ಮೊದಲು ಆ ಅಭ್ಯಾಸ ಬಿಡಿಸಿ.

ಇನ್ನು ಮಗನ ವಿಷಯ. ಎಂಟು ವರ್ಷಕ್ಕೆ ಗುಂಡು ಹೊಡೆಯುವ ಪಾಠ ಬೇಡ. ಎಲ್ಲಾದರೂ ಕೋವಿ ಕಂಡರೆ ಮುಟ್ಟಬಾರದು, ಅಲ್ಲಿಂದ ಬರಬೇಕು, ದೊಡ್ಡವರಿಗೆ ಹೇಳಬೇಕು. ಇಷ್ಟು ಸಾಕು. ಗೆಳೆಯನ ಮನೆಯಲ್ಲೂ ಇದೇ. ಪ್ಲಾಸ್ಟಿಕ್ ಗನ್ ಆದರೂ ತಂಗಿ ಕಡೆ, ನಾಯಿ ಕಡೆ ತೋರಿಸಬಾರದು. ಇದನ್ನು ಸುಮ್ನೆ ಒಂದು ಸಲ ಹೇಳಿದರೆ ನಿಲ್ಲುವುದಿಲ್ಲ, ಹೇಳುತ್ತಲೇ ಇರಬೇಕು.

ಹಾಗಂತ ಕುತೂಹಲಕ್ಕೆ ಬಾಗಿಲು ಹಾಕಬೇಡಿ. ಕೋವಿ ಒರೆಸುವ ದಿನ ಅವನನ್ನು ಅಪ್ಪನ ಪಕ್ಕ ಕೂರಿಸಿ. ತೋಟಾ ಆ ಕೋಣೆಯಲ್ಲೇ ಇರಬಾರದು. ಕೋವಿ ಬಗ್ಗಿಸಿ ತೆರೆದು, ಎರಡೂ ನಳಿಗೆ ಖಾಲಿ ಅಂತ ಅಪ್ಪ ಮೊದಲು ನೋಡಲಿ, ಆಮೇಲೆ ಮಗನೂ ನೋಡಲಿ. ಖಾಲಿ ಅಂತ ಗೊತ್ತಿದ್ದರೂ ತುಂಬಿದ ಹಾಗೇ ಹಿಡಿಯಬೇಕು, ಟ್ರಿಗರ್ ಮೇಲೆ ಬೆರಳು ಇಡಬಾರದು. ಸೈನ್ಯದಲ್ಲಿ ನಮಗೂ ಇದನ್ನೇ ಬಾಯಿಪಾಠ ಮಾಡಿಸಿದ್ದು. ನಾನು ತೋಟದಿಂದ ಬಂದರೆ ಮೊಮ್ಮಗಳು ಜಗಲಿಯಲ್ಲೇ ತಡೆಯುತ್ತಾಳೆ. "ತಾತಾ, ತೆರೆದು ತೋರ್ಸು." ತೋರಿಸದೆ ಒಳಗೆ ಬಿಡುವುದಿಲ್ಲ! ಮಗಳಿದ್ದರೆ ಅವಳಿಗೂ ಕಲಿಸಿ. ಕಾಯಿಗೆ ಗುರಿ ಇಡುವುದರಲ್ಲಿ ನಮ್ಮ ಹೆಣ್ಣುಮಕ್ಕಳೇನು ಕಡಿಮೆಯಾ?

ಆಸೆ ಉಳಿದರೆ ಹನ್ನೆರಡು ತುಂಬಿದ ಮೇಲೆ ರೈಫಲ್ ಕ್ಲಬ್ಬಿಗೆ ಸೇರಿಸಿ. ಅಲ್ಲಿ 10 ಮೀಟರ್ ಏರ್ ರೈಫಲ್ ಇರುತ್ತದೆ. ಗುರಿಹಲಗೆಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್, ಅಷ್ಟೇ. ಅದಕ್ಕೆ ಗುರಿ ಇಡಲು ಉಸಿರು ಹಿಡಿತಕ್ಕೆ ಬರಬೇಕು, ಹುಡುಗಾಟ ತಾನಾಗಿ ಇಳಿಯುತ್ತದೆ. ಏರ್ ಗನ್ ಆಟದ ಸಾಮಾನು ಅಂದುಕೊಂಡು ಅಂಗಳದಲ್ಲಿ ಬಿಡಬೇಡಿ, ಕಣ್ಣು ಹೋಗುತ್ತದೆ. ಗುಂಡು ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಸಿ. ಹಕ್ಕಿಗೆ ಹೊಡೆಯುವುದಂತೂ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಗೆ ನಿಮ್ಮ ಅಂಗಳ, ಕಾಡು ಎಲ್ಲಾ ಒಂದೇ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ, ನಿಜ. ಅದು ದೊಡ್ಡವರಿಗೆ ಕೊಟ್ಟಿದ್ದು.

ಕೈಲ್‌ಪೊಳ್ದ್ ದಿನ ಮಗು ಕೋವಿಗೆ ತೋಕ್ ಪೂ (ಕೋವಿಹೂ, ಅಂದರೆ ಅಗ್ನಿಶಿಖೆ) ಇಡಲಿ, ಕೈ ಮುಗಿಯಲಿ. ಅಷ್ಟರ ಮಟ್ಟಿಗೆ ಅತ್ತೆ ಹೇಳುವುದು ಸರಿ. (ಆ ಗಿಡ ಗಡ್ಡೆಯಿಂದ ಹೂವಿನವರೆಗೂ ವಿಷ, ಬಾಯಿಗೆ ಇಡದ ಹಾಗೆ ನೋಡಿಕೊಳ್ಳಿ.) ಕಾಯಿಗೆ ಹೊಡೆಯುವಾಗ ಮಕ್ಕಳು ಹೊಡೆಯುವವರ ಹಿಂದೆ, ಕಿವಿಗೆ ಶಬ್ದ ತಡೆಯುವ ಇಯರ್‌ಮಫ್, ಬರೀ ಹತ್ತಿ ಸಾಲದು. ಕುಡಿದವರ ಕೈಗೆ ಆವತ್ತು ಕೋವಿ ಕೊಡಬಾರದು, ಅವರು ಭಾವನೇ ಆಗಿರಲಿ, ಮಾವನೇ ಆಗಿರಲಿ. ಹೊರಗಿನಿಂದ ಬಂದ ಸೊಸೆ ಇದನ್ನು ಹೇಳುವುದು ಕಷ್ಟ, ಗೊತ್ತು. ಈ ಉತ್ತರವನ್ನು ಅತ್ತೆಗೆ ಓದಿ ಹೇಳಿ, ಎರಡೂ ಬೀಗದ ಕೀಲಿಯನ್ನು ಅವರ ಸೊಂಟಕ್ಕೇ ಸಿಕ್ಕಿಸಿ. ಆಮೇಲೆ ಯಾರು ಕೇಳ್ತಾರೆ ನೋಡೋಣ.