ಹ್ಯೂಸ್ಟನ್ ಪರ್ಸನ್ ಅವರಿಗೆ ಸಲ್ಲಬೇಕಾದ ಮನ್ನಣೆ ಸಂದಿದೆಯೇ?

ಪ್ರಶ್ನೆ: ಟೆನರ್ ಸ್ಯಾಕ್ಸೊಫೋನ್ ವಾದಕ ಹ್ಯೂಸ್ಟನ್ ಪರ್ಸನ್ ಹಲವು ದಶಕಗಳಿಂದ ನುಡಿಸುತ್ತ ಬಂದಿದ್ದರೂ ಜ್ಯಾಝ್ ಇತಿಹಾಸ ಗ್ರಂಥಗಳಲ್ಲಿ ಅವರ ಹೆಸರನ್ನು ಹುಡುಕಬೇಕಾಗುತ್ತದೆ. ಅವರನ್ನು ಕಡೆಗಣಿಸಲಾಗಿದೆಯೇ, ಇಲ್ಲವೇ ಅವರ ಸಂಗೀತವೇ ಅಷ್ಟಕ್ಕಷ್ಟೆಯೇ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿದೆ, ಮತ್ತು ಅದರ ಕೊನೆಯ ಭಾಗ ನನಗೆ ಪ್ರತಿ ಸಲವೂ ಬೇಸರ ತರಿಸುತ್ತದೆ. ಮನ್ನಣೆ ಸಾಕಷ್ಟು ಸಿಕ್ಕಿಲ್ಲ. ಅದರ ಕಾರಣವನ್ನು ಅಳೆಯುವವರು ಹಿಡಿದ ಅಳತೆಗೋಲಿನಲ್ಲಿ ಹುಡುಕಬೇಕು.

1934ರಲ್ಲಿ ದಕ್ಷಿಣ ಕೆರೊಲಿನಾದ ಫ್ಲಾರೆನ್ಸ್‌ನಲ್ಲಿ ಹುಟ್ಟಿದ ಪರ್ಸನ್, ಆರ್ಗನ್ ವಾದಕ ಜಾನಿ ಹ್ಯಾಮಂಡ್ ಸ್ಮಿತ್ ಅವರ ತಂಡದಲ್ಲಿ ಪಳಗಿ, 1966ರಲ್ಲಿ ಪ್ರೆಸ್ಟೀಜ್ ಸಂಸ್ಥೆಗಾಗಿ ತಮ್ಮದೇ ಹೆಸರಿನಲ್ಲಿ ಧ್ವನಿಮುದ್ರಿಸಲು ಆರಂಭಿಸಿದರು. ಆ ಹೊತ್ತಿಗೆ ವಿಮರ್ಶಕರ ಕಿವಿಯೆಲ್ಲ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಮತ್ತು ಅವರ ಸುತ್ತಲಿನ ಪ್ರಯೋಗಶೀಲರ ಕಡೆಗಿತ್ತು. ಹ್ಯಾಮಂಡ್ ಆರ್ಗನ್ (ಒಂದು ಬಗೆಯ ವಿದ್ಯುತ್ ಆರ್ಗನ್), ಡ್ರಮ್ಸ್, ಟೆನರ್ ಸ್ಯಾಕ್ಸೊಫೋನ್ ಕೂಡಿದ, ಪರ್ಸನ್ ಅವರಂಥವರ ಸೋಲ್ ಜ್ಯಾಝ್ (ಬ್ಲೂಸ್ ಮತ್ತು ಚರ್ಚ್ ಗಾಯನದ ಸೊಗಡುಳ್ಳ ಜ್ಯಾಝ್) ತಂಡಗಳಾದರೋ ಆಫ್ರಿಕನ್-ಅಮೆರಿಕನ್ನರ ಬಡಾವಣೆಗಳ ಪಾನಗೃಹಗಳಲ್ಲಿ, ದಿನದ ದುಡಿಮೆ ಮುಗಿಸಿ ಬಂದವರ ಮುಂದೆ ನುಡಿಸುತ್ತಿದ್ದವು. ಜನ ತಲೆದೂಗಿ ಕುಣಿಯುವ ಸಂಗೀತದಲ್ಲಿ ಚಿಂತನೆ ಇರಲಾರದು ಎಂಬ ಪೂರ್ವಗ್ರಹ ಅಂದೇ ಬೇರೂರಿತು, ಇಂದಿಗೂ ಪೂರ್ತಿ ಅಳಿದಿಲ್ಲ. ಮುಂದೆ ಅವರು ದಶಕಗಳ ಕಾಲ ಜೋ ಫೀಲ್ಡ್ಸ್ ಸ್ಥಾಪಿಸಿದ ಮ್ಯೂಸ್ ಮತ್ತು ಹೈನೋಟ್ ಎಂಬ ಸಣ್ಣ ಸಂಸ್ಥೆಗಳಲ್ಲೇ ನೆಲೆಯೂರಿದ್ದರಿಂದ ದೊಡ್ಡ ಕಂಪನಿಗಳ ಪ್ರಚಾರಬಲವೂ ಅವರ ಬೆನ್ನಿಗಿರಲಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಕಾರಣ ಎಟ್ಟಾ ಜೋನ್ಸ್. 1960ರ ದಶಕದ ಕೊನೆಯಿಂದ 2001ರಲ್ಲಿ ಆಕೆ ತೀರಿಕೊಳ್ಳುವವರೆಗೆ ಪರ್ಸನ್ ಆ ಗಾಯಕಿಯ ಜೊತೆಗಾರರಾಗಿದ್ದರು. ಆಕೆ ಒಂದು ಸಾಲನ್ನು ಲಯಕ್ಕಿಂತ ತುಸು ಹಿಂದೆ ಉಳಿದು ಹಾಡಿ ನಿಲ್ಲಿಸಿದಾಗ, ಮುಂದಿನ ಸಾಲಿಗೆ ಮುಂಚಿನ ಕಿರುಸಂದಿಯಲ್ಲಿ ಅವರು ನಾಲ್ಕಾರು ಸ್ವರ ನುಡಿಸಿ ಸರಿದುಬಿಡುತ್ತಾರೆ. ಸಾಹಿತ್ಯದ ಅರ್ಥ ತಿಳಿಯದವರಿಗೆ ಇದು ಸಾಧ್ಯವಾಗದು. ನಮ್ಮ ಕಛೇರಿಗಳಲ್ಲಿ ಪಿಟೀಲಿನವರು ಹಾಡುಗಾರರನ್ನು ನೆರಳಿನಂತೆ ಅನುಸರಿಸುವುದನ್ನು ಕೇಳಿ ಬೆಳೆದ ಕನ್ನಡಿಗರಿಗೆ ಈ ವಿದ್ಯೆಯ ಕಷ್ಟ ಗೊತ್ತಿರಬೇಕು. ಪತ್ರಿಕೆಯ ವರದಿಯಲ್ಲಿ ಪಕ್ಕವಾದ್ಯದವರಿಗೆ ಕೊನೆಯ ಒಂದು ವಾಕ್ಯವಷ್ಟೇ ದೊರೆಯುವುದೂ ಗೊತ್ತಿರಬೇಕು. ಪರ್ಸನ್ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಒಂದು ವಾಕ್ಯದಲ್ಲೇ ಬದುಕಿದರು.

ಇತಿಹಾಸಕಾರರು ಹೊಸದನ್ನು ಕಂಡುಹಿಡಿದವರನ್ನು ದಾಖಲಿಸುತ್ತಾರೆ, ಹಾಡನ್ನು ಕಾಪಾಡಿದವರನ್ನು ಮರೆಯುತ್ತಾರೆ. ಪರ್ಸನ್ ಹೊಸ ಪದ್ಧತಿಯೊಂದನ್ನು ಹುಟ್ಟುಹಾಕಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದ್ದರಿಂದಲೇ ಅವರನ್ನು ಕೋಲ್ಟ್ರೇನ್‌ಗಿಂತ ದೊಡ್ಡವರೆಂದು ಬರೆಯುವ ಅಭಿಮಾನಿಗಳು ಅವರಿಗೆ ಅಪಕಾರವನ್ನೇ ಮಾಡುತ್ತಿದ್ದಾರೆ. ಬ್ಯಾಸ್ ವಾದಕ ರಾನ್ ಕಾರ್ಟರ್ ಅವರೊಡನೆ, ಪಿಯಾನೊ ಮತ್ತು ಡ್ರಮ್ಸ್‌ಗಳ ಆಸರೆಯಿಲ್ಲದೆ, ಇಬ್ಬರೇ ನುಡಿಸಿದ ಮುದ್ರಿಕೆಗಳನ್ನು ಕೇಳಿರಿ. ಮೂಲ ಧಾಟಿ ಎಲ್ಲಿಯೂ ಕಳೆದುಹೋಗುವುದಿಲ್ಲ. ಪ್ರತಿ ಸ್ವರ ಉಸಿರಿನೊಂದಿಗೆ ಹುಟ್ಟಿ ಉಸಿರಿನೊಂದಿಗೆ ಮುಗಿಯುತ್ತದೆ. ಮರೆಯಾಗಲು ಜಾಗವೇ ಇಲ್ಲದ ಆ ಬಯಲಿನಲ್ಲಿ ವೇಗದ ಬೆರಳುಗಳಿಂದ ಶ್ರೋತೃಗಳನ್ನು ಬೆರಗಾಗಿಸುವ ಎಷ್ಟು ವಾದಕರು ನಿಲ್ಲಬಲ್ಲರೆಂದು ನನಗೆ ಸಂದೇಹವಿದೆ. ಇದೇ ಸೋಲ್ ಜ್ಯಾಝ್ ಪರಂಪರೆಯ ಆಲ್ಟೊ ಸ್ಯಾಕ್ಸೊಫೋನ್ ವಾದಕ ಲೂ ಡೊನಾಲ್ಡ್‌ಸನ್ ಅವರಿಗೆ ಅಮೆರಿಕದ ರಾಷ್ಟ್ರೀಯ ಜ್ಯಾಝ್ ಮಾಸ್ಟರ್ಸ್ ಗೌರವ ಸಂದದ್ದು 2013ರಲ್ಲಿ, ಅವರ 86ನೆಯ ವಯಸ್ಸಿನಲ್ಲಿ. ಅಷ್ಟು ತಡವಾದುದಕ್ಕೆ ಸಮರ್ಥನೆ ಯಾವುದೂ ಇಲ್ಲ.

ಪ್ರಶ್ನೆ: ಎಟ್ಟಾ ಜೋನ್ಸ್ ಮತ್ತು ಪರ್ಸನ್ ದಂಪತಿಗಳಲ್ಲವೇ?

ಉತ್ತರ: ಅಲ್ಲ. ಜೋನ್ಸ್ ಅವರನ್ನು ಎಟ್ಟಾ ಜೇಮ್ಸ್ ಎಂದುಕೊಂಡವರಿಗೂ ಒಂದು ಮಾತು: ಜೇಮ್ಸ್ ಬೇರೆಯೇ ಗಾಯಕಿ; ಹೆಸರನ್ನು ಇನ್ನೊಮ್ಮೆ ಓದಿಕೊಳ್ಳಿ.

ಪ್ರಶ್ನೆ: ಪರ್ಸನ್ ದೊಡ್ಡವರೋ, ನಮ್ಮ ಕದ್ರಿ ಗೋಪಾಲನಾಥರೋ?

ಉತ್ತರ: ವಾದ್ಯದ ಹೆಸರೊಂದನ್ನು ಬಿಟ್ಟರೆ ಹೋಲಿಕೆಗೆ ಆಧಾರವಿಲ್ಲ. ಇಂಥ ಪ್ರಶ್ನೆಗಳನ್ನು ದಯವಿಟ್ಟು ಕಳಿಸಬೇಡಿ.

ಪ್ರಶ್ನೆ: ವಿಶೇಷ ಮೌತ್‌ಪೀಸ್ (ಸ್ಯಾಕ್ಸೊಫೋನಿನಲ್ಲಿ ಬಾಯಿಗೆ ಹಿಡಿಯುವ ಭಾಗ) ಕೊಂಡರೆ ಮೂವತ್ತು ದಿನಗಳಲ್ಲಿ ಸೋಲ್ ಜ್ಯಾಝ್‌ನ ತುಂಬುನಾದ ಬರುತ್ತದೆಂಬ ಜಾಹೀರಾತು ನೋಡಿದೆ. ಕೊಳ್ಳಬಹುದೇ?

ಉತ್ತರ: ಕೊಳ್ಳಬೇಡಿ. ಇದನ್ನು ಮಾರುವವರು ನಿಮ್ಮ ಆಸೆಯನ್ನು ಬಂಡವಾಳ ಮಾಡಿಕೊಂಡ ವಂಚಕರು. ತುಂಬುನಾದದ ಆಸೆಗೆ ತುದಿಯ ತೆರಪು ದೊಡ್ಡದಾದ ಮೌತ್‌ಪೀಸನ್ನು ಕಲಿಕೆಯ ಆರಂಭದಲ್ಲೇ ಹಿಡಿದವರು ನಾದ ಹೊರಡಿಸಲು ರೀಡನ್ನು (ಉಸಿರಿಗೆ ಕಂಪಿಸುವ ತೆಳುಪಟ್ಟಿಯನ್ನು) ತುಟಿ ಮತ್ತು ದವಡೆಯಿಂದ ಒತ್ತಿ ಕಚ್ಚತೊಡಗುತ್ತಾರೆ. ಆ ಅಭ್ಯಾಸವನ್ನು ಬಿಡಿಸಲು ನನ್ನ ವಿದ್ಯಾರ್ಥಿಯೊಬ್ಬನೊಂದಿಗೆ ಎರಡು ವರ್ಷ ಹೆಣಗಿದ್ದೇನೆ. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವನೆಂದು ಹೇಳುವವರಿದ್ದಾರೆ, ಹೇಳಲಿ. ಈಗಿರುವ ಮೌತ್‌ಪೀಸಿನಲ್ಲೇ ದಿನಕ್ಕೆ ಇಪ್ಪತ್ತು ನಿಮಿಷ ಒಂದೊಂದೇ ಸ್ವರವನ್ನು ದೀರ್ಘವಾಗಿ, ಅಲುಗದಂತೆ ಹಿಡಿಯಿರಿ. ಒಂದು ವರ್ಷದ ನಂತರ ಮತ್ತೆ ಬರೆಯಿರಿ.