ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ ಇದ್ದರೆ, ಹುಳು ನೋಡಿ ಸಾವಿನ ಸಮಯ ಹೇಳಿದ ವರದಿಯನ್ನು ಹಾಗೇ ಒಪ್ಪಿಕೊಳ್ಳಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನೀವು ಹೊಸದಾಗಿ ವಕೀಲಿ ಶುರುಮಾಡಿದವರು. ಕೊಲೆ ಕೇಸೊಂದರಲ್ಲಿ, ಶವದ ಮೇಲಿದ್ದ ನೊಣದ ಮರಿಹುಳುಗಳನ್ನು ನೋಡಿ 'ಸತ್ತು 5 ದಿನ' ಎಂದು ವರದಿ ಬಂದಿದೆ. ಮೇಲ್ಗಡೆ ಎನ್‌ಎಬಿಎಲ್, ಅಂದರೆ ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯ ಲಾಂಛನ ಇದೆ. ಇನ್ನು ಪಾಟಿ ಸವಾಲಿಗೆ ಏನು ಉಳಿಯಿತು? ಬೇಕಾದಷ್ಟು ಉಳಿದಿದೆ.

ನಾನು ಓದಿದ್ದು ಪ್ರಾಣಿಶಾಸ್ತ್ರ, ಹೊಟ್ಟೆಪಾಡು ಲ್ಯಾಬಿನ ಗುಣಮಟ್ಟ ವಿಭಾಗದಲ್ಲಿ. ಹಾಗಾಗಿ ಲಾಂಛನದಿಂದಲೇ ಶುರುಮಾಡುತ್ತೇನೆ. ಎನ್‌ಎಬಿಎಲ್ ಪರೀಕ್ಷಾ ಲ್ಯಾಬುಗಳಿಗೆ ಮಾನ್ಯತೆ ಕೊಡುವುದು ಐಎಸ್‌ಒ/ಐಇಸಿ 17025 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ. ಅದು ಇಡೀ ಲ್ಯಾಬಿಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲ, ಯಾವ ಯಾವ ಪರೀಕ್ಷೆಗೆ ಎಂಬ 'ಸ್ಕೋಪ್' ಪಟ್ಟಿ ಜೊತೆಗಿರುತ್ತದೆ. ಡಿಎನ್‌ಎ, ವಿಷ ಪರೀಕ್ಷೆ, ಮದ್ಯಾಂಶ ಎಲ್ಲ ಅದರಲ್ಲಿದ್ದು ಕೀಟದ ಸುದ್ದಿಯೇ ಇಲ್ಲದಿದ್ದರೆ, ಹುಳುವಿನ ವರದಿಯ ಮಟ್ಟಿಗೆ ಆ ಲಾಂಛನಕ್ಕೆ ಬೆಲೆ ಇಲ್ಲ. ಮೊದಲು ಆ ಪಟ್ಟಿ ತರಿಸಿ. ಕೀಟ ವಿಭಾಗಕ್ಕೇ ಮಾನ್ಯತೆ ಸಿಗುವುದಿಲ್ಲ ಅಂತಲ್ಲ. ಫ್ರಾನ್ಸಿನ ಜಾಂಡಾರ್ಮರಿ ಪೊಲೀಸರ ವಿಧಿವಿಜ್ಞಾನ ಸಂಸ್ಥೆ ಬಹಳ ವರ್ಷಗಳ ಹಿಂದೆಯೇ ಅದನ್ನು ಮಾಡಿ ತೋರಿಸಿದೆ. ಅಮೆರಿಕದ ಫಾರೆನ್ಸಿಕ್ ಎಂಟಮಾಲಜಿ (ಅಪರಾಧ ತನಿಖೆಯ ಕೀಟಶಾಸ್ತ್ರ) ಬೋರ್ಡ್ ಕೊಡುವ ಪ್ರಮಾಣಪತ್ರ ಬೇರೆ ಬಗೆಯದು, ಅದು ವ್ಯಕ್ತಿಯ ಅರ್ಹತೆಗೆ.

ಇನ್ನು ಪಟ್ಟಿಯಲ್ಲಿ ಕೀಟ ಇದ್ದೇ ಇದೆ ಅಂದುಕೊಳ್ಳಿ. ಆಗಲೂ ನನ್ನ ಅನುಭವದಲ್ಲಿ ಈ ಕೆಲಸ ಕೆಡುವುದು ಲ್ಯಾಬಿನೊಳಗೆ ಕಡಿಮೆ, ಹುಳು ಲ್ಯಾಬಿಗೆ ಬರುವ ಮೊದಲೇ ಹೆಚ್ಚು. ಮಾನ್ಯತೆಯ ಕಾಗದ ಅಲ್ಲಿಗೆ ಮುಟ್ಟುವುದಿಲ್ಲ.

ಯುರೋಪಿನ ಕೀಟತಜ್ಞರು 2007ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನೇ ಈಗ ಎಲ್ಲರೂ ಅಳತೆಗೋಲಾಗಿ ಹಿಡಿಯುತ್ತಾರೆ. ಹುಳುಗಳಲ್ಲಿ ಒಂದು ಪಾಲನ್ನು ಸ್ಥಳದಲ್ಲೇ ಕೊಲ್ಲಬೇಕು, ಇನ್ನೊಂದು ಪಾಲನ್ನು ಜೀವಂತ ತಂದು ನೊಣವಾಗುವವರೆಗೆ ಸಾಕಬೇಕು. ಕೊಲ್ಲುವುದೆಂದರೆ 80 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ ಸುಮಾರು 30 ಸೆಕೆಂಡ್ ಅದ್ದಿ, ಆಮೇಲೆ ಎಥನಾಲ್‌ಗೆ ಹಾಕುವುದು. ಜೀವಂತ ಹುಳುವನ್ನು ನೇರ ಸ್ಪಿರಿಟ್ ಬಾಟಲಿಗೆ ಹಾಕಿದರೆ ಅದು ಮುದುಡಿ ಕಪ್ಪಾಗುತ್ತದೆ. ವಯಸ್ಸು ಲೆಕ್ಕ ಹಾಕುವುದು ಉದ್ದದ ಮೇಲೆ. ಉದ್ದ ಕುಗ್ಗಿದರೆ ಹುಳು ಇದ್ದದ್ದಕ್ಕಿಂತ ಎಳೆಯದಾಗಿ ಕಾಣುತ್ತದೆ, ಸಾವಿನ ಸಮಯ ಈಚೆಗೆ ಸರಿಯುತ್ತದೆ. ಅದೃಷ್ಟಕ್ಕೆ ಹುಳುವಿನ ಬೆಳವಣಿಗೆಯ ಹಂತ ಗುರುತಿಸಲು ಇನ್ನೊಂದು ದಾರಿಯಿದೆ: ಹುಳುವಿನ ಹಿಂಭಾಗದಲ್ಲಿ ಉಸಿರಾಟದ ಎರಡು ಕಂದು ಚುಕ್ಕಿಗಳಿರುತ್ತವೆ. ಮೈಕ್ರೋಸ್ಕೋಪಿನಡಿ ಪ್ರತಿ ಚುಕ್ಕಿಯಲ್ಲೂ ಎರಡು ಸೀಳು ಕಂಡರೆ ಎರಡನೇ ಹಂತ, ಮೂರು ಕಂಡರೆ ಮೂರನೇ ಹಂತ. ಇದರ ಫೋಟೊ ಕಡತದಲ್ಲಿ ಇರಲೇಬೇಕು. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ.

ಎಲ್ಲಕ್ಕಿಂತ ದೊಡ್ಡದು ತಾಪಮಾನ. ಮರಿಹುಳು ಬೆಳೆಯುವ ವೇಗ ಶಾಖಕ್ಕೆ ತಕ್ಕ ಹಾಗೆ. ಗಡಿಯಾರವನ್ನು ಅದು ನೋಡುವುದಿಲ್ಲ. ಸ್ಥಳದ ತಾಪಮಾನ ಯಾರೂ ಅಳೆಯದೆ, ಆಮೇಲೆ ಇಪ್ಪತ್ತು ಕಿಲೋಮೀಟರ್ ಆಚೆಯ ಹವಾಮಾನ ಕೇಂದ್ರದ ಅಂಕಿ ಎತ್ತಿಕೊಂಡರೆ ಬರುವ ಉತ್ತರವೇ ಬೇರೆ. ಸರಿಯಾದ ಕ್ರಮವೆಂದರೆ ಶವ ಸಿಕ್ಕ ಜಾಗದಲ್ಲಿ ಕೆಲವು ದಿನ ಡೇಟಾ ಲಾಗರ್ (ತಾಪಮಾನವನ್ನು ತಾನೇ ದಾಖಲಿಸುತ್ತಾ ಹೋಗುವ ಸಾಧನ) ಇಟ್ಟು, ಕೇಂದ್ರದ ಅಂಕಿಗೂ ಆ ಜಾಗಕ್ಕೂ ಎಷ್ಟು ವ್ಯತ್ಯಾಸ ಅಂತ ಕಂಡುಕೊಳ್ಳುವುದು. ಹುಳು ಗುಂಪುಗಟ್ಟಿದಾಗ ಅವೇ ಹುಟ್ಟಿಸುವ ಕಾವನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಶವಾಗಾರದ ಫ್ರಿಜ್‌ನಲ್ಲಿ ಶವ ಎಷ್ಟು ಹೊತ್ತಿತ್ತು ಎಂಬುದನ್ನು ಬರೆದಿಡುವ ಪುಣ್ಯಾತ್ಮರು ನಮ್ಮಲ್ಲಿ ಕಡಿಮೆ. ತಣ್ಣಗಿದ್ದಾಗ ಬೆಳವಣಿಗೆ ತೀರಾ ನಿಧಾನವಾಗುತ್ತದೆ.

2002ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಬಾಲಕಿಯೊಬ್ಬಳ ಕೊಲೆ ವಿಚಾರಣೆ ನಡೆಯಿತು. ಆರೋಪಿ ಪರ ಕೀಟತಜ್ಞರು ನೊಣ ಮೊಟ್ಟೆಯಿಟ್ಟದ್ದು ಫೆಬ್ರವರಿ ಮಧ್ಯದಲ್ಲಿ ಎಂದರು. ಆ ಹೊತ್ತಿಗೆ ಆರೋಪಿ ಪೊಲೀಸರ ಕಣ್ಗಾವಲಿನಲ್ಲಿದ್ದ. ಸರ್ಕಾರದ ಪರ ಕೀಟತಜ್ಞರು ಇನ್ನೂ ಹಿಂದಿನ ದಿನಾಂಕ ಕೊಟ್ಟರು. ಒಂದೇ ಶವದ ಕೀಟಗಳು, ನುರಿತ ತಜ್ಞರು, ಉತ್ತರ ಮಾತ್ರ ಬೇರೆ ಬೇರೆ. ಜ್ಯೂರಿ ಕೊನೆಗೆ ಇತರ ಸಾಕ್ಷ್ಯಗಳನ್ನೂ ನೋಡಿ ಅಪರಾಧಿ ಎಂದಿತು.

ಇನ್ನು ನಿಮ್ಮ ವರದಿಯಲ್ಲಿರುವ 'ಸತ್ತು 5 ದಿನ' ಎಂಬ ವಾಕ್ಯ. ಅದು ನನಗೆ ಸರಿ ಕಾಣುವುದಿಲ್ಲ. ಹುಳು ಹೇಳುವುದು ನೊಣ ಯಾವಾಗ ಮೊಟ್ಟೆಯಿಟ್ಟಿತು ಅಂತ, ಅಂದರೆ ಸತ್ತು ಕನಿಷ್ಠ ಎಷ್ಟು ಸಮಯವಾಗಿರಬಹುದು ಅಂತ. ಬಾಗಿಲು ಮುಚ್ಚಿದ ಮನೆ, ಜೋರು ಮಳೆ, ರಾತ್ರಿ ಹೊತ್ತು ಇವೆಲ್ಲ ನೊಣವನ್ನು ತಡೆಯುತ್ತವೆ. 'ಕನಿಷ್ಠ' ಎಂಬ ಪದವೂ ಇಲ್ಲ, ಇಷ್ಟರಿಂದ ಇಷ್ಟರವರೆಗೆ ಎಂಬ ಅಂತರವೂ ಇಲ್ಲ ಅಂದರೆ, ಲೆಕ್ಕದ ಹಾಳೆ ಕೇಳಲು ಅದೇ ಸಾಕು. ಯಾವ ಜಾತಿಯ ನೊಣ, ಯಾವ ಊರಿನ ಹವೆಯಲ್ಲಿ ಬೆಳೆಸಿ ಮಾಡಿದ ಕೋಷ್ಟಕ ಬಳಸಿದರು ಎಂಬುದೂ ಆ ಹಾಳೆಯಲ್ಲಿ ಇರಬೇಕು. ಯುರೋಪಿನ ನೊಣದ ಕೋಷ್ಟಕ ಹಿಡಿದು ರಾಯಚೂರಿನ ಶವಕ್ಕೆ ಲೆಕ್ಕ ಹಾಕಿದ್ದರೆ ಅದೇ ನಿಮ್ಮ ಮುಖ್ಯ ಪ್ರಶ್ನೆ.

ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 329ನೇ ಕಲಮಿನ ಪ್ರಕಾರ ಸರ್ಕಾರಿ ತಜ್ಞರ ವರದಿಯನ್ನು ಅವರನ್ನು ಕರೆಸದೆಯೂ ಸಾಕ್ಷ್ಯವಾಗಿ ಬಳಸಬಹುದು, ಆದರೆ ಕೋರ್ಟು ಬಯಸಿದರೆ ಕರೆಸುತ್ತದೆ. ಅರ್ಜಿ ಹಾಕಿ. ಅದರ ಜೊತೆಗೇ ಉಳಿದ ಮಾದರಿಗಳನ್ನು ವಿಲೇವಾರಿ ಮಾಡದಂತೆಯೂ ಕೇಳಿಕೊಳ್ಳಿ. ಎಥನಾಲ್‌ನಲ್ಲಿ ಸರಿಯಾಗಿಟ್ಟ ಹುಳುಗಳನ್ನು ವರ್ಷಗಳ ನಂತರವೂ ಇನ್ನೊಬ್ಬ ತಜ್ಞರು ನೋಡಬಹುದು.